ಬಾಲಿಯಿಂದ ಬಂದ ಒಂದು ಅಕ್ಕಿಕಾಳು

ಗಂಡಸರಿಗೆ ನಲವತ್ತು ದಾಟಿದ ಮೇಲೆ ಬರುವ ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ, ರಕ್ತದೊತ್ತಡಕ್ಕೂ ಇದೆ. ಬೆನ್ನಿಗೊಂದು ಚೀಲ ನೇತುಹಾಕಿಕೊಂಡು ಅಲೆಯಬೇಕೆನ್ನುವ ಕಾಯಿಲೆಗೆ ಮಾತ್ರ ಇನ್ನೂ ಮದ್ದು ಬಂದಿಲ್ಲ. ನಮ್ಮ ಮನೆಯವರಿಗೆ ಇದು ಅಂಟಿದ್ದು ಬ್ರಿಸ್ಬೇನಿನಿಂದ. ಅಲ್ಲಿ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಪ್ರಕಾಶ ಎಂಬ ಇವರ ಕಾಲೇಜು ಗೆಳೆಯನಿದ್ದಾನೆ. ಒಂಟಿ ಜೀವ, ಕೇಳುವವರಿಲ್ಲ. ಅವನು ಬಾಲಿಯ ಜ್ವಾಲಾಮುಖಿಯ ನೆತ್ತಿಯ ಮೇಲೆ ನಿಂತು ಹೆಬ್ಬೆರಳೆತ್ತಿದ ಫೋಟೋವನ್ನು ವಾಟ್ಸ್ಆಪಿಗೆ ಹಾಕಿದ. ಅಂದಿನಿಂದ ಇವರಿಗೆ ಊಟ ಸೇರಲಿಲ್ಲ. ಸುಳ್ಳೇಕೆ, ಊಟ ಸೇರಿತು, ಸೂಟ್‌ಕೇಸು ಸೇರಲಿಲ್ಲ.

ನನ್ನ ಚಿಂತೆಯೇ ಬೇರೆ. ಗಣಿಗಳ ವ್ಯವಹಾರ ಕುಸಿದು, ಆಸ್ಟ್ರೇಲಿಯಾದಲ್ಲಿ ನಾವಿರುವ ಪರ್ತಿನ ವೆಲ್ಷ್‌ಪೂಲಿನಲ್ಲಿರುವ ಇವರ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿಯಾದ ವರ್ಷ ನಾನೊಂದು ಹರಕೆ ಹೊತ್ತಿದ್ದೆ: ಇವರ ಕೆಲಸ ಉಳಿದರೆ ಕಾಶಿಗೆ ಹೋಗಿ ಶಿವನೆದುರು ನಿಂತು ಕೈ ಮುಗಿಯುತ್ತೇನೆ. ಕೆಲಸ ಉಳಿಯಿತು, ಸಂಬಳ ಇಳಿಯಿತು. ದೇವರ ತಪ್ಪಲ್ಲ, ಉಳಿಸು ಎಂದಿದ್ದೆನೇ ಹೊರತು ಎಷ್ಟು ಸಂಬಳಕ್ಕೆ ಎಂದು ಬಿಡಿಸಿ ಹೇಳಿರಲಿಲ್ಲ. ಆದರೆ ಕಾಶಿ ವರ್ಷದಿಂದ ವರ್ಷಕ್ಕೆ ದೂರ ಸರಿಯಿತು. ಮದುವೆಯ ದಿನ ಇವರು ಪಂಚೆಯುಟ್ಟು, ಕೊಡೆ ಹಿಡಿದು, ಪದ್ಧತಿಯಂತೆ ಕಾಶಿಯಾತ್ರೆಗೆ ಹೊರಟಾಗ ನಮ್ಮಣ್ಣ ಅಡ್ಡ ನಿಂತು, ಹೋಗಬೇಡಿ, ನನ್ನ ತಂಗಿಯನ್ನು ಕೊಡುತ್ತೇನೆ ಎಂದು ಬೇಡಿಕೊಂಡಿದ್ದ. ಅಣ್ಣ ಅವತ್ತು ಸುಮ್ಮನಿದ್ದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರಾದರೂ ಕಾಶಿ ನೋಡಿರುತ್ತಿದ್ದರು.

"ಕಾಶಿನೇ ಯಾಕೆ ವತ್ಸಲಾ? ಬಾಲಿ ಇಲ್ಲಿಂದ ನಾಲ್ಕು ಗಂಟೆ ಅಷ್ಟೇ. ಅಲ್ಲಿರೋ ಜನಾನೂ ಹಿಂದೂಗಳೇ, ಅಲ್ಲಿರೋದೂ ನಿನ್ನ ಶಿವನೇ ಕಣೇ. ಬೆಟ್ಟದ ಬುಡದಲ್ಲಿ ಇಷ್ಟು ದೊಡ್ಡ ದೇವಸ್ಥಾನ ಇದೆ," ಎಂದರು ಒಂದು ದಿನ.

"ಯಾವ ಬೆಟ್ಟ ರೀ?"

"ಅದೇ... ಜ್ವಾಲಾಮುಖಿ," ಎಂದರು, ದನಿ ತಗ್ಗಿಸಿ.

ಶಿವ ಶಿವನೇ ತಾನೆ ಎಂದು ಒಪ್ಪಿಕೊಂಡೆ. ಇಬ್ಬರಿಗೂ ಒಂದೊಂದು ಬೆನ್ನುಚೀಲ, ಅಷ್ಟೇ. ಇವರದರಲ್ಲಿ ಬೆಟ್ಟ ಹತ್ತುವ ಬೂಟು, ಎರಡು ಜಾಕೆಟ್. ನನ್ನದರಲ್ಲಿ ಹರಕೆಯ ರೇಷ್ಮೆ ಸೀರೆ, ಅವಲಕ್ಕಿ, ಚಟ್ನಿಪುಡಿ. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದಾಗ ಬೂಟನ್ನು ಇವರು ಕಾಲಿಗೆ ಹಾಕಿಕೊಂಡರು, ಜಾಕೆಟುಗಳೆರಡನ್ನೂ ನನಗೆ ತೊಡಿಸಿದರು. ಬಾಲಿಯ ಸೆಕೆಯಲ್ಲಿ ಇಳಿದಾಗ ನಾನು ಹಿಮಾಲಯದಿಂದ ತಪ್ಪಿಸಿಕೊಂಡು ಬಂದವಳ ಹಾಗಿದ್ದೆ. ಯಾತ್ರೆಗೆ ಹೊರಡುವ ನಮ್ಮ ಕಡೆಯ ಹೆಂಗಸರೆಲ್ಲ ಮಾಡುವಂತೆ, ಮುಟ್ಟು ಮುಂದಕ್ಕೆ ಹೋಗಲಿ ಎಂದು ಮಾತ್ರೆಯನ್ನೂ ನುಂಗುತ್ತಿದ್ದೆ. ಎರಡನೆಯ ದಿನವೇ ದೇವಸ್ಥಾನ ಎಂದು ಇವರು ಮಾತು ಕೊಟ್ಟಿದ್ದರು. ಇವರ ಮಾತಿನ ಅಭ್ಯಾಸವಿದ್ದುದರಿಂದ ಎರಡು ದಿನಕ್ಕೆ ಹೆಚ್ಚಿಗೆ ಮಾತ್ರೆ ತಂದಿದ್ದೆ.

ಪ್ರಕಾಶ ಹೇಳಿದ ಕೋಣೆಯಲ್ಲೇ ಇಳಿದುಕೊಂಡೆವು. ಸ್ನಾನದ ಮನೆಗೆ ಬಾಗಿಲಿತ್ತು, ಸೂರಿರಲಿಲ್ಲ. "ನೇಚರ್ ಕಣೇ!" ಎಂದರು. ಮಳೆ ಬಂದಾಗ ನಲ್ಲಿ ತಿರುಗಿಸುವ ಕೆಲಸ ತಪ್ಪಿತು, ಅದೊಂದು ಅನುಕೂಲ. ಅಲ್ಲಿಯ ಹಲ್ಲಿ ನಮ್ಮ ಓತಿಕ್ಯಾತದಷ್ಟು ದೊಡ್ಡದು. ಲೊಚಗುಟ್ಟುವುದಿಲ್ಲ, ಹೆಸರು ಹಿಡಿದು ಕರೆದಂತೆ ಕೂಗುತ್ತದೆ. ಅದು ಯಾವ ಶಕುನವೋ ನಮ್ಮ ಪಂಚಾಂಗದಲ್ಲಿಲ್ಲ. ಆದರೂ ಮನೆಯೊಡತಿ ಕಡೆಕ್ ದಿನಾ ಬೆಳಿಗ್ಗೆ ಮಿಂದು, ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನದ ಅಗುಳು, ಊದುಬತ್ತಿ ಇಟ್ಟು ನಮ್ಮ ಹೊಸ್ತಿಲ ಮುಂದೆ ಕೈ ಮುಗಿದು ಹೋಗುತ್ತಿದ್ದಳು. ಪರದೇಶದಲ್ಲಿ ಇಷ್ಟು ವರ್ಷ ಹೊಗೆ ಅಲಾರಮ್ಮಿಗೆ ಹೆದರಿ ಊದುಬತ್ತಿಯನ್ನು ಕಿಟಕಿಯಾಚೆ ಹಿಡಿದವಳಿಗೆ ಅದನ್ನು ನೋಡಿಯೇ ಕಣ್ಣು ತುಂಬಿತು.

ಎರಡನೆಯ ದಿನ ಇವರಿಗೆ ಸ್ಕೂಟರ್ ಬಾಡಿಗೆಗೆ ಸಿಕ್ಕಿತು, ದೇವಸ್ಥಾನ ನಾಳೆಗೆ ಹೋಯಿತು. ಮರುದಿನ ಬೆಟ್ಟ. ಸೂರ್ಯೋದಯ ನೋಡಿ ಬರುತ್ತೇನೆಂದು ಹೋದವರು ಮಧ್ಯಾಹ್ನ ಗೈಡಿನ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತಾ ಬಂದರು.

"ಸೂರ್ಯೋದಯ ಹೇಗಿತ್ತು?" ಎಂದೆ.

"ಮೋಡ ಇತ್ತು," ಎಂದರು. "ಆದ್ರೆ ಮೋಡ ಸೂಪರ್ ಆಗಿತ್ತು."

ಆಮೇಲೆ ಇವರ ಮಂಡಿಯೇ ನಮ್ಮ ಪ್ರವಾಸವಾಯಿತು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಇವರು ಮಲಗಿದಲ್ಲಿಂದಲೇ ಹೆಬ್ಬೆರಳೆತ್ತಿ ಪ್ರಕಾಶನಿಗೆ ಫೋಟೋ ಕಳಿಸಿದರು. ದೇವಸ್ಥಾನ ಎಂದರೆ, "ಮಂಡಿ ನೋಡು ಹೇಗೆ ಊದಿದೆ, ನಿನಗೆ ಸ್ವಲ್ಪಾನೂ ಕರುಣೆ ಇಲ್ವಾ?" ಎನ್ನುತ್ತಿದ್ದರು. ಕರುಣೆ ಇತ್ತು. ಮಾತ್ರೆ ಮುಗಿದಿತ್ತು.

ಕೊನೆಯ ದಿನ ಬೆಳಿಗ್ಗೆ ಮಂಡಿಯ ಊತ ಇಳಿಯಿತು, ನಾನು ಹೊರಗಾದೆ. ಆದರೂ ಕಡೆಕ್ ತನ್ನ ಅಣ್ಣನ ಕಾರು ತರಿಸಿದ್ದಳೆಂದು ಅವಳ ಜೊತೆ ಹೊರಟೆವು. ದೇವಸ್ಥಾನದ ಬಾಗಿಲಲ್ಲೇ ಬೋರ್ಡಿತ್ತು: ಮುಟ್ಟಾದ ಹೆಂಗಸರು ಒಳಗೆ ಬರಬಾರದು. ಊರಿಂದ ಇಷ್ಟು ದೂರ ಬಂದರೂ ಅದೇ ಶಿವ, ಅದೇ ಕಟ್ಟಳೆ. ಇವರ ಒಂದು ಮಾತಾದರೂ ನಿಜವಾಯಿತು.

"ಬಾರೇ, ಯಾರಿಗೆ ಗೊತ್ತಾಗತ್ತೆ?" ಎಂದರು ಇವರು.

"ಯಾರಿಗೆ ಕೈ ಮುಗಿಯೋಕೆ ಬಂದಿದೀನೋ ಅವನಿಗೆ ಗೊತ್ತಾಗತ್ತೆ."

"ಹಾಗಾದ್ರೆ ನಿನ್ನ ಪರವಾಗಿ ನಾನು ಹೋಗ್ಬಿಟ್ಟು ಬರ್ತೀನಿ ಬಿಡು."

ಕಡೆಕ್ ಇವರಿಗೊಂದು ಪಂಚೆ ಉಡಿಸಿ, ಬಿಸಿಲಿಗೆ ಕೊಡೆ ಕೊಟ್ಟು ಕರೆದುಕೊಂಡು ಹೋದಳು. ಥೇಟ್ ಮದುವೆಯ ದಿನದ ಕಾಶಿಯಾತ್ರೆ. ಅಡ್ಡ ನಿಲ್ಲಲು ಅಣ್ಣ ಮಾತ್ರ ಇರಲಿಲ್ಲ. ನಾನು ಮೆಟ್ಟಿಲ ಕೆಳಗೆ, ಚೀಲದಲ್ಲಿ ರೇಷ್ಮೆ ಸೀರೆ ಮಡಚಿದಂತೆಯೇ ಇಟ್ಟುಕೊಂಡು, ಇವರ ಬೂಟಿಗೆ ಕಾವಲು ಕೂತೆ. ಮನೆಯಲ್ಲಿ ದೇವರಿಗೆ ಕೈ ಮುಗಿಯೆಂದರೆ ಟಿವಿ ನೋಡಿಕೊಂಡೇ ಮುಗಿಯುವ ಮನುಷ್ಯ ಹಣೆಗೆ ತೀರ್ಥದಲ್ಲಿ ನೆನೆದ ಅಕ್ಕಿ ಹಚ್ಚಿಸಿಕೊಂಡು, ಕಿವಿಗೆ ಹೂ ಸಿಕ್ಕಿಸಿಕೊಂಡು ಇಳಿದು ಬಂದರು. "ಏನು ವೈಬ್ರೇಶನ್ ಗೊತ್ತಾ! ನೀನು ನೋಡ್ಬೇಕಿತ್ತು."

ನನಗೆಂದು ಬಾಳೆಲೆಯಲ್ಲಿ ಅಷ್ಟು ಅಕ್ಕಿ, ಒಂದು ಹೂವು ತಂದಿದ್ದರು. ಆ ಬುದ್ಧಿ ಕಡೆಕ್‌ಳದೆಂದು ಕೇಳದೆಯೇ ಗೊತ್ತಾಯಿತು. "ನಿಮ್ಮ ಚೀಲದಲ್ಲೇ ಇರಲಿ, ಐದನೇ ದಿನ ತಲೆಗೆ ನೀರು ಹಾಕ್ಕೊಂಡು ತಗೋತೀನಿ," ಎಂದೆ. ದರ್ಶನ ತಪ್ಪಿದರೂ ಪ್ರಸಾದ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಆ ಸಂಜೆ ಪರ್ತಿನಲ್ಲಿ ಇಳಿದಾಗ, ಹೊರದೇಶದ ಒಂದು ಕಾಳನ್ನೂ ಒಳಗೆ ಬಿಡದ ಕಸ್ಟಮ್ಸಿನವರು, ತಿನ್ನುವ ಪದಾರ್ಥ, ಗಿಡ, ಬೀಜ ಏನಾದರೂ ಇದೆಯೇ ಎಂದು ಎಂದಿನಂತೆ ಕೇಳಿದರು. ಇವರು ಇಲ್ಲ ಎನ್ನುವಷ್ಟರಲ್ಲಿ ನನ್ನ ಬಾಯಿ ಇದೆ ಎಂದುಬಿಟ್ಟಿತು. ದೇವರ ಬಾಗಿಲಲ್ಲಿ ಹೇಳದ ಸುಳ್ಳನ್ನು ದೇವರ ಪ್ರಸಾದಕ್ಕಾಗಿ ಹೇಳುವುದೇ? ಕೈಗವಸು ತೊಟ್ಟ ಆಫೀಸರಮ್ಮ ಬಾಳೆಲೆಯನ್ನು ಬಿಡಿಸಿ ನೋಡಿ, "ಸಾರಿ, ಲವ್," ಎಂದು ಕಸದ ಡಬ್ಬಿಗೆ ಹಾಕಿದಳು. ಆ ವಾರವಿಡೀ ನನಗೆ ಯಾರಾದರೂ ಸಾರಿ ಎಂದದ್ದು ಅದೇ ಮೊದಲು.

"ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ಗೊಣಗುತ್ತಾ ಇವರು ಮಂಡಿಯ ನೆಪದಲ್ಲಿ ಪಕ್ಕದ ಸೀಟಿನಲ್ಲಿ ಕೂತು ನಿದ್ದೆಹೋದರು. ಕಾರು ನಾನೇ ಓಡಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ನೋಡುತ್ತೇನೆ, ಹೂ ಸಿಕ್ಕಿಸಿದ್ದ ಕಿವಿಯ ಹಿಂದೆ, ಕೂದಲಿನಲ್ಲಿ ಒಂದು ಅಕ್ಕಿಕಾಳು! ಇಡೀ ಆಸ್ಟ್ರೇಲಿಯಾ ಸರ್ಕಾರದ ಕಣ್ಣು ತಪ್ಪಿಸಿ ಶಿವ ಬಂದು ಕೂತಿದ್ದ. ನಾನು ಮುಟ್ಟುವಂತಿಲ್ಲ. ಎಬ್ಬಿಸಿದರೆ ನಿದ್ದೆಗಣ್ಣಿನಲ್ಲಿ ಕೊಡವಿ ಬಿಸಾಡಿಯಾರು. ನಾಳೆ ಬೆಳಿಗ್ಗೆ ಹೇಳಿ ಇವರ ಕೈಯಿಂದಲೇ ತೆಗೆಸಿ ದೇವರ ಮುಂದೆ ಇಡಿಸೋಣ, ನಾಳೆ ಭಾನುವಾರ, ಭಾನುವಾರ ಇವರು ಸ್ನಾನ ಮಾಡಿದ್ದನ್ನು ನಾನಂತೂ ಕಂಡಿಲ್ಲ ಎಂದು ಧೈರ್ಯವಾಗಿದ್ದೆ.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ದೇವರ ಮುಂದೆ ದೀಪ ಉರಿಯುತ್ತಿತ್ತು. ನಾನು ಹೊರಗಿರುವಾಗ ದೀಪ ಹಚ್ಚುವುದು ಇವರ ಪಾಲಿನ ಕೆಲಸ. ಮುಖ ಕೂಡ ತೊಳೆಯದೆ ಹಚ್ಚುತ್ತಾರೆಂದು, ಸ್ನಾನ ಮಾಡಿ ಸ್ನಾನ ಮಾಡಿ ಎಂದು ಮದುವೆಯಾದಾಗಿನಿಂದ ಬಡಿದುಕೊಂಡವಳು ನಾನು. ಇವರು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಶಾಂಪೂ ಘಮಘಮ ಎನ್ನುತ್ತಿತ್ತು.

"ನೋಡು, ನೀನು ಹೇಳದೇನೇ ತಲೆಗೆ ಸ್ನಾನ ಮಾಡಿ ದೀಪ ಹಚ್ಚಿದೀನಿ. ಪಾಪ, ನಿನಗೆ ಅಲ್ಲಿ ದರ್ಶನ ತಪ್ಪೋಯ್ತಲ್ಲ. ಈಗ ಸಮಾಧಾನ ಆಯ್ತಾ?"

ಕಿವಿಯ ಹಿಂದೆ ನೋಡಿದೆ. ಅಷ್ಟು ಚೊಕ್ಕಟವಾಗಿ ಇವರು ಯಾವತ್ತೂ ತಿಕ್ಕಿಕೊಂಡವರಲ್ಲ.

"ಆಯ್ತು ರೀ," ಎಂದೆ.