ಗಾಡಿಗೆ ಹೊದಿಸಿದ ಕೌದಿ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ತನ್ನ ಹೆಂಡತಿ ಚಳಿಜ್ವರ ಬಂದು ಗಡಗಡ ನಡುಗುವಾಗ "ಬಿಸಿಲಿಗೆ ಕೂಡು, ಹೋಗ್ತೈತಿ" ಅಂದ ಮನುಷ್ಯ ನನ್ನ ಮೈದುನ. ಅಂಥವನು ತನ್ನ ಪಿಕಪ್ ಗಾಡಿಗೆ ನೆಗಡಿ ಆಗದಿರಲಿ ಅಂತ ಕೌದಿ ಹೊದಿಸಿ ಗುಂಡಿ ಹಾಕುತ್ತಿದ್ದ! ನಗಬೇಡಿ. ಆ ಕೌದಿ ಹೊಲಿದುಕೊಟ್ಟವಳು ನಾನೇ.

ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದಲ್ಲಿ ಊರಿಗೂರೇ ಜೀನ್ಸ್ ಪ್ಯಾಂಟು ಹೊಲಿಯುತ್ತೆ. ಮುದುಕರು ಮಾತ್ರ ಪಂಚೆ ಉಟ್ಟು ಅದನ್ನು ನೋಡುತ್ತಾ ಕೂತಿರುತ್ತಾರೆ. ಮೈದುನ ಆ ಪ್ಯಾಂಟಿನ ಗಂಟುಗಳನ್ನು ಬಳ್ಳಾರಿಗೆ ಮುಟ್ಟಿಸುವವನು. ನಾನು ಪ್ಯಾಂಟಿಗೆ ಜೋತುಬಿದ್ದ ದಾರ ಕತ್ತರಿಸುವವಳು. ನಮ್ಮಿಬ್ಬರದು ಒಂದೇ ಅಂಗಳ, ಎದುರುಬದುರು ಬಾಗಿಲು. ನನ್ನ ಗಂಡ, ಅಂದರೆ ಅವನ ಅಣ್ಣ, ಮೊದಲು ಹೋದ. ಅದರ ಹಿಂದೆಯೇ ಮೈದುನನ ಹೆಂಡತಿಯೂ ಹೋದಳು. ಅಲ್ಲಿಂದ ಅವನು ನನ್ನ ಹೊಸ್ತಿಲು ದಾಟಿದವನಲ್ಲ. ಗಂಡ ಇಲ್ಲದವಳ ಮನೆಗೆ ಹೆಂಡತಿ ಇಲ್ಲದವನು ಕಾಲಿಟ್ಟರೆ ಓಣಿ ಸುಮ್ಮನಿರುತ್ತದಾ? ನನಗೆ ಹಲ್ಲಿಲ್ಲ, ಅವನಿಗೆ ಕೂದಲಿಲ್ಲ, ಆದರೆ ಓಣಿಗೆ ಬಾಯಿ ಇದೆಯಲ್ಲ! ಹಾಗಾಗಿ ಇಡೀ ದಿನ ನಾನು ಮಾತಾಡುತ್ತಿದ್ದದ್ದು ಪ್ಯಾಂಟುಗಳ ಜೊತೆ. ಎರಡು ಕಾಲಿದ್ದರೂ ಎದ್ದು ಹೋಗುವುದಿಲ್ಲ, ಅದೊಂದು ಅವುಗಳ ಒಳ್ಳೆ ಗುಣ.

ಕಾರ್ತಿಕದ ಚಳಿ ಶುರುವಾದಾಗ ಒಂದು ಬೆಳಿಗ್ಗೆ ಅಂಗಳದಿಂದ ಕೂಗಿದ.

"ಅತ್ತಿಗೀ, ಲಗೂನ ಬರ್ರಿ! ಬಡಕೊಳ್ಳಾಕತ್ತೈತಿ!"

"ಯಾರಿಗೇನಾತೋ? ಯಾರು ಎದಿ ಬಡಕೊಳ್ಳಾಕತ್ತಾರ?"

"ಎಂಜಿನ್ ರೀ!"

ತಣ್ಣಗಿದ್ದಾಗ ಗಾಡಿ ಚಾಲೂ ಮಾಡಿದರೆ ಒಳಗೆ ಟಕಟಕ ಬಡಿತ. ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ಎಂಜಿನ್ ಕಾದು ಸುಮ್ಮನಾಗುತ್ತೆ. ಅವನ ಕಿವಿ ಹಾರ್ನ್ ಹೊಡೆದೂ ಹೊಡೆದೂ ಮೊಂಡಾಗಿದ್ದವು. ಅದಕ್ಕೆ ನನ್ನ ಕಿವಿ ಬೇಕಿತ್ತು. ನನ್ನ ಒಲೆಯ ಊದುಗೊಳವೆ ತರಿಸಿ ಒಂದು ತುದಿ ಎಂಜಿನ್ನಿಗೆ ಇಡಿಸಿದ, ಇನ್ನೊಂದು ತುದಿ ನನ್ನ ಕಿವಿಗೆ.

"ಹೆಂಗ ಕೇಳಸ್ತೈತ್ರಿ? ಸೌದಿ ಒಡದಂಗೋ, ಒನಕಿಲೆ ಕುಟ್ಟಿದಂಗೋ?"

"ನಿಮ್ಮಣ್ಣ ನಿದ್ದಿಗಣ್ಣಾಗ ಹಲ್ಲು ಕಡಿದಂಗೈತಿ."

ನಾನು ಹೇಳಿದ್ದು ತಮಾಷೆಗೆ. ಅವನು ತಲೆ ಕೆರೆದುಕೊಂಡು ಗಂಭೀರವಾಗಿ ನಿಂತ. "ಅಣ್ಣಗ ಹೊಟ್ಟ್ಯಾಗ ಜಂತುಹುಳ ಇದ್ವು. ಹಂಗಾದ್ರ ಇದರ ಹೊಟ್ಟ್ಯಾಗೂ ಕಸ ಐತಿ!" ಅಂದವನೇ ಟ್ಯಾಂಕಿನ ಡೀಸೆಲ್ ಎಲ್ಲಾ ಸೋಸಿದ, ಫಿಲ್ಟರ್ ಬದಲಿಸಿದ. ಮಾರನೇ ಬೆಳಿಗ್ಗೆ ಮತ್ತೆ ಟಕಟಕ. ಆಮೇಲೆ ಎಂಜಿನ್ ಎಣ್ಣೆ ಗಟ್ಟಿಯಾಗಿದೆ ಅಂದ, ತೆಳ್ಳನೆಯದು ಹಾಕಿದ. ಆಮೇಲೆ ದೃಷ್ಟಿ ತಾಗಿದೆ ಅಂದ, ಮೆಣಸಿನಕಾಯಿ ಸುಟ್ಟ. ಆ ಘಾಟಿಗೆ ಓಣಿಯೆಲ್ಲ ಕೆಮ್ಮಿತು, ಎಂಜಿನ್ ಒಂದೇ ಕೆಮ್ಮಲಿಲ್ಲ.

ಮೆಕ್ಯಾನಿಕ್ ಹತ್ತಿರ ಹೋಗಲಿಲ್ಲವಾ ಅಂತೀರಾ? ಹೋದ. ಅಂಗಡಿ ಊರ ಆಚೆ, ಅಲ್ಲಿ ಮುಟ್ಟುವಷ್ಟರಲ್ಲಿ ಎಂಜಿನ್ ಕಾದು ಹಸುಗೂಸಿನಂತೆ ತೆಪ್ಪಗಿತ್ತು. "ಏಮೀ ಲೇದು ಪೆದ್ದಾಯನಾ" ಅಂದನಂತೆ ಮೆಕ್ಯಾನಿಕ್. ಏನೂ ಇಲ್ಲವಂತೆ! ಇವನಿಗೆ ಅವಮಾನ. ಗಾಡಿಯನ್ನು ತಣ್ಣಗೇ ಒಯ್ಯಬೇಕು ಅಂತ ಬೆಳಕು ಹರಿಯುವ ಮೊದಲೇ ಒಂದು ಜೋಡಿ ಎತ್ತು ಕಟ್ಟಿ ಎಳೆಸಿದ. ದಾರಿಯಲ್ಲಿ ಯಾರೋ ಕೇಳಿದರು, "ಯಾಕಣ್ಣಾ, ಡೀಸೆಲ್ ಬಿಡಿಸಿ ಹುಲ್ಲಿಗೆ ಹಾಕಿಯೇನು?" ಅಂಗಡಿಯವನು ಬಂದು ಬಾಗಿಲು ತೆಗೆದದ್ದು ಹೊತ್ತೇರಿದ ಮೇಲೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೋ ಇಲ್ಲವೋ, ಚಳಿಗಾಲದಲ್ಲೂ ಹತ್ತು ಗಂಟೆಗೆ ಬಯಲಲ್ಲಿಟ್ಟ ಹೆಣಕ್ಕೂ ಜ್ವರ ಬಂದಂತಿರುತ್ತೆ. ಬಾನೆಟ್ ಮುಟ್ಟಿದರೆ ಚುರ್ ಅಂತು. ಟಕಟಕ ಇಲ್ಲ. ಎತ್ತುಗಳು ಮಾತ್ರ ಅಲ್ಲೇ ಸಗಣಿ ಹಾಕಿ ಸಾಕ್ಷಿ ನುಡಿದು ಬಂದವು.

ಅವತ್ತು ಸಿಟ್ಟಿನಲ್ಲಿ ಕೂತಿದ್ದವನಿಗೆ ನಾನೇ ಅಂದೆ: "ಅದಕ್ಕ ನೆಗಡಿ ಆಗೇತೋ ಏನೋ, ಬೆಚ್ಚಗ ಮಲಗಸು." ನನ್ನ ಬಾಯಿಗಿಷ್ಟು! ಸಂಜೆಗೆ ಒಂದು ಚೀಲ ಜೀನ್ಸ್ ಚಿಂದಿ ತಂದು ನನ್ನ ಹೊಸ್ತಿಲ ಆಚೆ ಇಟ್ಟ. "ಒಂದು ಕೌದಿ ಹಾಕಿಕೊಡ್ರಿ. ಗಾಳಿ ಹೋಗಬಾರ್ದು, ಗುಂಡಿ ಇರ್ಲಿ." ಹಾಕಿಕೊಟ್ಟೆ. ಹಿಂದೆ ಉಂಗುರ ಇರುವ ದಪ್ಪ ಹಿತ್ತಾಳೆ ಗುಂಡಿ ಹಚ್ಚಿದೆ. ಅವನು ಬಳ್ಳಾರಿಯಿಂದ ಬಂದವನೇ ಬಾನೆಟ್ ಎತ್ತಿ, ಎಂಜಿನ್ ಬಿಸಿ ಇರುವಾಗಲೇ, ಅನ್ನದ ಪಾತ್ರೆ ಮುಚ್ಚಿದಂತೆ ಮುಚ್ಚಿ ಗುಂಡಿ ಹಾಕುತ್ತಿದ್ದ. ಕಾವಿಗೆ ದಾರ ಸೀದು ಗುಂಡಿ ಉದುರೋದು. "ಅತ್ತಿಗೀ, ಗುಂಡಿ ಹಚ್ಚಿಕೊಡ್ರಿ" ಅನ್ನೋನು. ಹಚ್ಚಿಕೊಡುತ್ತಿದ್ದೆ. ಉದುರಿದ್ದು ಎಲ್ಲಿ ಹೋಯಿತು ಅಂತ ಯಾರು ಕೇಳುತ್ತಾರೆ? ನಮ್ಮೂರಲ್ಲಿ ಗುಂಡಿ ಅಂದರೆ ಬೀದಿಯ ಕಲ್ಲಿದ್ದಂತೆ.

ಆದರೆ ಕೌದಿ ಹೊದಿಸಿದ ಮೇಲೆ ಸಪ್ಪಳ ಇನ್ನೂ ಜೋರಾಯಿತು. ಟಕಟಕ ಇದ್ದದ್ದು ಟಣಟಣ ಆಯಿತು. ದಿನಾ ಬೆಳಿಗ್ಗೆ ಚಾ ಕಾಯಿಸಿ ಒಂದು ಲೋಟ ಅವನ ಗಾಡಿಯ ಮೇಲಿಟ್ಟು, ಕೊಳವೆ ಹಿಡಿದು ನಿಲ್ಲುತ್ತಿದ್ದೆ. ಇವತ್ತು ಕಂಚುಗಾರನ ಅಂಗಡಿ ಇದ್ದಂಗೈತಿ, ಇವತ್ತು ಸೊಸಿ ಸಿಟ್ಟಿನ್ಯಾಗ ಪಾತ್ರಿ ತಿಕ್ಕಿದಂಗೈತಿ, ಹೀಗೆ ಹೇಳುತ್ತಿದ್ದೆ. ಎಂಜಿನ್ ಬಿಟ್ಟು ಬೇರೆ ಮಾತು ಇರಲಿಲ್ಲ. ಉಂಡ್ರಾ ಅಂತ ಅವನು ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಸಂಕ್ರಾಂತಿ ಮುಂದೆ ಒಂದಿನ ಗಾಡಿಗೆ ಒರಗಿ ನಿಂತು ಅಂದ: "ಎಂಜಿನ್ ಆಯುಷ್ಯ ಮುಗೀತ್ರಿ. ಮಡಕಶಿರಾದಿಂದ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಬರ್ತಾನ, ಮಾರಿಬಿಡ್ತೀನಿ. ಮಗಳೂ ಅಲ್ಲೇ ಅದಾಳ, ಬಂದು ಇರು ಅಂತಾಳ. ಗಾಡಿ ಇಲ್ಲದ ಮ್ಯಾಲೆ ಇಲ್ಲೇನೈತಿ ನನಗ?"

"ಹೋಗು. ಮಗಳ ಕೈಯಾಗ ಬಿಸಿ ಮುದ್ದಿ ಉಣ್ಣು" ಅಂದೆ.

ಒಳಗೆ ಬಂದು ಕೆಲಸಕ್ಕೆ ಕೂತೆ. ದಾರ ಅಂತ ಒಂದು ಪ್ಯಾಂಟಿನ ಬೆಲ್ಟಿನ ಪಟ್ಟಿಯನ್ನೇ ಕಚಕ್ ಅಂತ ಕತ್ತರಿಸಿದ್ದೆ. ಅವನು ಹೋದರೆ ನನ್ನ ಗಂಟೇನು ಹೋಗುತ್ತೆ? ಅನ್ನ ಬೇಯುತ್ತೆ, ದಾರ ಕತ್ತರಿಸುತ್ತೀನಿ. ಆದರೆ ಈ ಊರಲ್ಲಿ ನನ್ನನ್ನು ಅತ್ತಿಗಿ ಅನ್ನುವವನು ಅವನೊಬ್ಬನೇ. ಮಿಕ್ಕವರಿಗೆಲ್ಲ ನಾನು ದಾರದ ಮುದುಕಿ. ಬೆಳಿಗ್ಗೆ ಯಾರೂ ಕೂಗದಿದ್ದರೆ ಏಳುವುದು ಯಾತಕ್ಕೆ?

ವ್ಯಾಪಾರಿ ಬಂದ. ಗಾಡಿ ಆಗತಾನೆ ಬಳ್ಳಾರಿಯಿಂದ ಬಂದು ನಿಂತಿತ್ತು, ಬಿಸಿ ಇತ್ತು. ಓಡಿಸಿ ನೋಡಿ ವ್ಯಾಪಾರಿ ಖುಷಿಯಾದ. ಬೇರೆಯವನಾದರೆ ಕೀ ಕೊಟ್ಟು ಕೈ ಮುಗಿಯುತ್ತಿದ್ದ. ನಮ್ಮವನು ಸುಮ್ಮನಿರಬೇಕಲ್ಲ! "ಹಂಗ ಒಯ್ಬ್ಯಾಡ್ರಿ. ಇದಕ್ಕ ರೋಗ ಐತಿ. ರಾತ್ರಿ ಇಲ್ಲೇ ಮಲಗ್ರಿ, ಬೆಳಿಗ್ಗೆ ಕೇಳಿ ಒಯ್ರಿ" ಅಂತ ಬಲವಂತವಾಗಿ ಉಳಿಸಿಕೊಂಡ. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಮೂರ್ಛೆರೋಗ ತೋರಿಸಿಯೇ ಕಳಿಸುತ್ತೀನಿ ಅನ್ನುವ ಅಪ್ಪ ಇವನು!

ಬೆಳಿಗ್ಗೆ ಗಾಡಿ ಚಾಲೂ ಮಾಡಿದ. ಟಣಟಣ. ನಾನು ಕೊಳವೆ ಹಿಡಿದು ನಿಂತೆ. ವ್ಯಾಪಾರಿ ನನ್ನ ನೋಡಿದ, ಕೌದಿ ನೋಡಿದ, ಅದರಲ್ಲಿ ಗುಂಡಿ ಇಲ್ಲದ ಜಾಗ ನೋಡಿದ. ಎಂಜಿನ್ ಬಂದ್ ಮಾಡಿಸಿ, ಹೊಗೆ ಹೋಗುವ ಪೈಪಿಗೆ ಮುಚ್ಚಿದ್ದ ತಗಡಿನ ಸಂದಿಗೆ ತಂತಿ ತೂರಿಸಿದ. ಒಂದು ಹಿತ್ತಾಳೆ ಗುಂಡಿ ಬಿತ್ತು. ಇನ್ನೊಂದು. ಮತ್ತೊಂದು.

"ಏನಣ್ಣಾ ಇದು! ಡೀಸೆಲ್ ಗಾಡಿ ಚಳಿಗೆ ಒಂಚೂರು ಬಡ್ಕಂಡೇ ಬಡ್ಕಂತದೆ, ಅದು ಅದ್ರ ಜಾತಿ ಗುಣ. ಈ ಟಣಟಣ ನೀವು ಸಾಕ್ಕಂಡಿರಾದು! ಕಾದ್ಮೇಲೆ ತಗಡು ಬಿಗ್ದು ಗುಂಡಿ ಹಿಡ್ಕಂತದೆ, ಸದ್ದಿಲ್ಲ. ತಣ್ಣಗಾದ್ರೆ ಸಡ್ಲ, ಕುಣೀತವೆ. ಯಾರಮ್ಮ ಈ ಗುಂಡಿ ಹಚ್ಚಿದ್ದು?"

ನಾನು ಆಕಾಶ ನೋಡಿದೆ. ಮತ್ತೆ ಚಾಲೂ ಮಾಡಿದರೆ ಬರೀ ಸಣ್ಣ ಟಕಟಕ, ಅಜ್ಜ ಗಂಟಲು ಸರಿಮಾಡಿಕೊಂಡಂತೆ.

"ಸರಿ, ಕೀ ಕೊಡಿ" ಅಂದ ವ್ಯಾಪಾರಿ.

ಮೈದುನ ಕೀಯನ್ನು ಅಂಗಿಯ ಜೇಬಿಗೆ ಇಳಿಸಿದ. "ಹುಷಾರಾದ ಗಾಡಿ ಯಾರಾದ್ರೂ ಮಾರ್ತಾರೇನ್ರಿ?"

"ಅಯ್ಯೋ ನಿನ್ನ! ಕೆಟ್ಟಾಗ ಮಾರ್ತೀನಿ ಅಂತೀಯ, ಸರಿ ಮಾಡ್ಕೊಟ್ರೆ ಮಾರಲ್ಲ ಅಂತೀಯ. ರಿಪೇರಿ ಮಾಡಕ್ಕೆ ನನ್ನ ಮಡಕಶಿರಾದಿಂದ ಕರೆಸ್ಕಂಡ್ಯಾ?" ಅಂತ ಬೈಯುತ್ತಾ ಬಸ್ ಹಿಡಿಯಲು ನಡೆದ. ನಾನು ನಕ್ಕಿದ್ದೇ ನಕ್ಕಿದ್ದು. ಮೈದುನ ಎಲ್ಲೂ ಹೋಗುವುದಿಲ್ಲ ಅಂತ ಅವತ್ತು ಒಂದು ಮುದ್ದೆ ಜಾಸ್ತಿ ಉಂಡೆ.

ಸಂಜೆ ಬಂದ. ಕೌದಿ ಮಡಚಿ ನನ್ನ ಹೊಸ್ತಿಲ ಆಚೆ ಇಟ್ಟ. ಅದರ ಮೇಲೆ ಗುಂಡಿಗಳನ್ನು ಒಂದೊಂದಾಗಿ ಜೋಡಿಸಿದ.

"ಇನ್ನ ಇದು ಬ್ಯಾಡ್ರಿ ಅತ್ತಿಗೀ. ಪಾಪ, ಚಳಿಗಾಲೆಲ್ಲಾ ನಿಮ್ಮ ನಿದ್ದಿ ಕೆಡಿಸಿದೆ. ನಾಳಿಂದ ಆರಾಮ ಮಲಗ್ರಿ" ಅಂದ.

ಆರಾಮ ಮಲಗಬೇಕಂತೆ! ಆಯ್ತಪ್ಪ ಅಂದೆ.

ಮಾರನೇ ಬೆಳಿಗ್ಗೆ ಯಾರೂ ಕೂಗಲಿಲ್ಲ. ನಾನು ಎದ್ದೇ ಇದ್ದೆ, ಎರಡು ಲೋಟದ ಚಾ ಕಾಯಿಸಿಯೂ ಇದ್ದೆ. ಗಾಡಿ ಚಾಲೂ ಆದದ್ದು ಕೇಳಿತು, ಓಣಿ ತಿರುಗಿದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಎರಡೂ ಲೋಟದ ಚಾ ನಾನೇ ಕುಡಿದೆ. ಬಿಸಿಲು ಅಂಗಳಕ್ಕೆ ಬಂದಾಗ ಕೌದಿ ತೊಡೆಯ ಮೇಲೆ ಹಾಕಿಕೊಂಡು ಆ ಗುಂಡಿಗಳನ್ನೆಲ್ಲ ಮತ್ತೆ ಹಚ್ಚಿದೆ. "ಚಳಿ ಇನ್ನೂ ಹೋಗಿಲ್ಲ, ಹೊದಸು" ಅಂತ ಬಂದಮೇಲೆ ಹೇಳಿದರಾಯಿತು ಅಂದುಕೊಂಡು, ಅವನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಗುಂಡಿ ಹಚ್ಚಿದ್ದು ಒಂದೇ ಎಳೆ ದಾರದಲ್ಲಿ. ಗಂಟು ಹಾಕಲಿಲ್ಲ.