ಬಲಕ್ಕೆ ವಾಲಿದ ಮೀಲ್ಸ್ ರೆಡಿ

ಒಂದೇ ಒಂದು ವಿದ್ಯೆ ಬರುವವನು ಅದನ್ನು ಸಿಕ್ಕವರ ಮೇಲೆಲ್ಲ ಪ್ರಯೋಗಿಸದೆ ಬಿಡುವುದಿಲ್ಲ. ನನಗೆ ಬರುತ್ತಿದ್ದದ್ದು ಒಂದು ಫಾಂಟು. ಮೆರೀನಾ ಬೀಚಿನ ಹತ್ತಿರ, ಟ್ರಿಪ್ಲಿಕೇನಿನ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಂಪ್ಯೂಟರಿನಲ್ಲಿ ನೂರಾರು ಇಂಗ್ಲಿಷ್ ಫಾಂಟುಗಳಿದ್ದರೂ ನನ್ನ ಕೈ ಹೋಗುತ್ತಿದ್ದದ್ದು ಅದೊಂದಕ್ಕೇ. ಮೈ ದಪ್ಪ, ಸೊಂಟ ಬಲಕ್ಕೆ ವಾಲಿದ್ದು, ಬೇರೆ ಅಕ್ಷರಗಳ ಪಾದಕ್ಕಿರುವ ಪುಟ್ಟ ಚಪ್ಪಲಿಗಳೂ ಇಲ್ಲದೆ ಬರಿಗಾಲಲ್ಲಿ ಓಡುವಂಥದ್ದು. ಕೊರಿಯರ್ ಆಫೀಸು, ಟೈರ್ ಅಂಗಡಿ, ಟ್ರಾವೆಲ್ಸು ಎಲ್ಲಕ್ಕೂ ಒಪ್ಪುತ್ತಿತ್ತು. ಆ ಧೈರ್ಯದಲ್ಲಿ ಒಬ್ಬರ ವೈಕುಂಠ ಸಮಾರಾಧನೆಯ ಕಾರ್ಡಿಗೂ ಅದನ್ನೇ ಹಾಕಿದೆ. ತೀರಿಕೊಂಡವರ ಮಗ ಕಾರ್ಡನ್ನು ದೂರ ಹಿಡಿದು ನೋಡಿ, "ಏನ್ ತಂಬಿ, ನಮ್ಮಪ್ಪ ಬಸ್ ಹಿಡಿಯಕ್ಕೆ ಓಡ್ತಿದಾರಾ?" ಎಂದು ಕೇಳಿದರು.

ಆದರೂ ಬುದ್ಧಿ ಬರಲಿಲ್ಲ. ನಾನು ಮಧ್ಯಾಹ್ನ ಉಣ್ಣುತ್ತಿದ್ದದ್ದು ಕುಂದಾಪುರದ ಕಡೆಯ ಭಟ್ಟರ ಮೆಸ್ಸಿನಲ್ಲಿ. ಬಾಗಿಲ ಬಲಕ್ಕೆ ಗಲ್ಲಾ, ಗಲ್ಲಾದಲ್ಲಿ ಅವರ ಮಗಳು ವಿನಯಾ. "ಎಂತ, ಇವತ್ತು ತಡ? ಸಾರಿಗೆ ಉಪ್ಪು ಸರಿ ಉಂಟಾ?" ಎನ್ನುತ್ತಿದ್ದಳು. ದಿನವಿಡೀ ಹರಕು ತಮಿಳಿನಲ್ಲಿ ಬದುಕುವ ಮೈಸೂರಿನವನಿಗೆ ಈ ಎರಡು ವಾಕ್ಯವೇ ಊಟ. ಅನ್ನ ಬರೀ ನೆಪ. ಮೂರನೆಯ ವಾಕ್ಯ ಬಂದೀತೆಂದು ಎಲೆಯ ಮೇಲೆ ಮಜ್ಜಿಗೆ ಒಣಗುವವರೆಗೂ ಕೂರುತ್ತಿದ್ದೆ. ಅವಳ ಮೆಚ್ಚುಗೆ ಗಳಿಸಲೆಂದೇ ಹೊಸ ಬೋರ್ಡು ನಾನೇ ಮಾಡಿಕೊಡುತ್ತೇನೆಂದೆ. ಫ್ಲೆಕ್ಸು ಆಗಷ್ಟೇ ಬಂದಿತ್ತು. ಕೆಂಪು ಬಣ್ಣ, ನನ್ನ ಫಾಂಟು, 'ಮೀಲ್ಸ್ ರೆಡಿ'.

ಭಟ್ಟರು ತಲೆ ಓರೆ ಮಾಡಿ ನೋಡಿದರು. "ಇದೆಂತ ಮಾರಾಯ, ಅಕ್ಷರ ಎಲ್ಲ ಬೀಳ್ತಾ ಉಂಟಲ್ಲ?"

"ಬೀಳ್ತಿಲ್ಲ ಭಟ್ರೇ, ಹೊರಟಿವೆ. ಇದು ಸ್ಪೀಡು."

"ಚಂದ ಉಂಟು," ಎಂದಳು ವಿನಯಾ. ಅದೇ ಆ ಮೂರನೆಯ ವಾಕ್ಯ. ಆ ದಿನ ಮೆರೀನಾವರೆಗೆ ನಡೆದು ಸಮುದ್ರಕ್ಕೂ ಹೇಳಿ ಬಂದೆ.

ಬೋರ್ಡು ಮಾತು ಉಳಿಸಿಕೊಂಡಿತು. ಬಸ್ಸಿನಿಂದ ಇಳಿದವರೆಲ್ಲ ಅದನ್ನು ನೋಡಿ, ಇಲ್ಲಿ ಊಟ ಬೇಗ ಆಗುತ್ತದೆಂದು ನುಗ್ಗತೊಡಗಿದರು. ಉಣ್ಣುವವರ ಕುರ್ಚಿಯ ಹಿಂದೆ ಒಬ್ಬೊಬ್ಬರು ಕಾವಲು ನಿಂತು ನಾವು ನುಂಗುವ ತುತ್ತು ನೋಡುತ್ತಿದ್ದರು. ಗಲ್ಲಾದಲ್ಲಿ ವಿನಯಾಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಉಪ್ಪಿನ ವಿಚಾರಣೆ ನಿಂತಿತು. ಒಂದು ದಿನ ನಾನು ಎಂದಿನಂತೆ ಖಾಲಿ ಎಲೆಯ ಮುಂದೆ ಕಾಯುತ್ತಿದ್ದಾಗ ಅವಳ ದನಿ ಕೇಳಿತು: "ಸಾರ್, ಕೊಂಜಂ ಸೀಕ್ರಂ." ಸ್ವಲ್ಪ ಬೇಗ ಏಳಿ ಅಂತ. ಅದೂ ನನಗೆ, ತಮಿಳಿನಲ್ಲಿ.

ಮರುದಿನವೇ ಭಟ್ಟರ ಬಳಿ ಹೋಗಿ, ನೆಟ್ಟಗೆ ನಿಂತ ಅಕ್ಷರಗಳಲ್ಲಿ ಬೇರೆ ಬೋರ್ಡು ಮಾಡಿಕೊಡುತ್ತೇನೆಂದೆ. "ಬೇಡ ಮಾರಾಯ, ಇದೇ ಲಾಯ್ಕ್ ಉಂಟು," ಎಂದು ನನಗೊಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಆಮೇಲೆ ಎಷ್ಟೋ ಮಧ್ಯಾಹ್ನ ಎದುರಿನ ಬಸ್ ಸ್ಟಾಪಿನಲ್ಲಿ ನಿಂತು ಜನ ಕರಗಲೆಂದು ಕಾದಿದ್ದೇನೆ. ಮೇಲೆ ನನ್ನ ಅಕ್ಷರಗಳು, ಎಲ್ಲವೂ ಗಲ್ಲಾದ ಕಡೆಗೇ ವಾಲಿಕೊಂಡು, ಈಗಿಂದೀಗಲೇ ಹೊರಟೆವೆಂಬ ಭಂಗಿಯಲ್ಲಿ. ತಿಂಗಳಾದರೂ ಒಂದಕ್ಷರವೂ ಒಂದು ಹೆಜ್ಜೆ ಮುಂದೆ ಇಟ್ಟಿರಲಿಲ್ಲ. ಮೈ ದಪ್ಪಗಿರುವುದೊಂದನ್ನು ಬಿಟ್ಟರೆ ಅವು ಥೇಟ್ ನನ್ನಂತೆಯೇ ಇದ್ದವು.