ಮೂರನೇ ನಿರಾಕರಣೆ ಪತ್ರದ ಕೊರತೆ ನೀಗಿಸುವ ಬಗ್ಗೆ

ಗ್ರಾಮೀಣ ಗೃಹಸಾಲ ವಿಭಾಗ
ಎರಡನೇ ಮಹಡಿ (ಲಿಫ್ಟ್ ಮಂಜೂರಾಗಿದೆ, ಬಂದಿಲ್ಲ)

ಸಂಖ್ಯೆ: ಗ್ರಾಗೃಸಾ/ನಿರಾಕರಣೆ/7/ಭಾಗ-2 (ಭಾಗ-1 ಹುಡುಕಲಾಗುತ್ತಿದೆ)
ದಿನಾಂಕ: ಈ ತಿಂಗಳ 29, ಮಧ್ಯಾಹ್ನ 3.20

ಸುತ್ತೋಲೆ

ವಿಷಯ: ಎಲ್ಲಿಯೂ ಸಾಲ ಸಿಗದವರಿಗೆ ಮನೆ ಕೊಳ್ಳಲು ಸಾಲ ಕೊಡುವ ಯೋಜನೆಯಡಿ, ಎಲ್ಲಿಯೂ ಸಾಲ ಸಿಗಲಿಲ್ಲ ಎಂಬುದಕ್ಕೆ ಪುರಾವೆ ಸಿಗದಿರುವ ಕುರಿತು.

ಉಲ್ಲೇಖ:
1. ಯೋಜನೆಯ ನಿಯಮ 7.
2. ಟೈಲರಕ್ಕನವರ ಅರ್ಜಿ.
3. ಅದೇ ಅರ್ಜಿ, ಮತ್ತೊಮ್ಮೆ.
4. ಅದೇ ಅರ್ಜಿ, ಮಗದೊಮ್ಮೆ, ಈ ಬಾರಿ ಪ್ಲಾಸ್ಟಿಕ್ ಕವರಿನಲ್ಲಿ.
5. ಮೆಟ್ಟಿಲ ಮೇಲಿನ ಗದ್ದಲದ ಬಗ್ಗೆ ಕೆಳಮಹಡಿಯ ತೂಕ ಮತ್ತು ಅಳತೆ ಕಚೇರಿಯ ದೂರು.

ಪ್ರಸ್ತಾವನೆ:

ಮೇಲ್ಕಂಡ ಯೋಜನೆಯನ್ನು ಬ್ಯಾಂಕುಗಳು ಬಾಗಿಲಿನಿಂದಲೇ ಸಾಗಹಾಕುವ ಹಳ್ಳಿಗಾಡಿನ ಜನರಿಗಾಗಿ ರೂಪಿಸಲಾಗಿದೆ. ಸಂಬಳ ಚೀಟಿ ಇಲ್ಲದವರು, ಕೈಕೆಲಸದವರು, ಗಂಡನ ಸಹಿ ತನ್ನಿ ಎಂದರೆ ಗಂಡನೇ ಇಲ್ಲದವರು ಇದರ ಫಲಾನುಭವಿಗಳು. ಬೇರೆಡೆ ಸಾಲ ಸಿಗುವವರು ಇದರೊಳಗೆ ನುಸುಳದಂತೆ ನಿಯಮ 7ನ್ನು ಸೇರಿಸಲಾಗಿದ್ದು, ಅದರಂತೆ ಅರ್ಜಿದಾರರು ಸಾಲ ನೀಡುವ ಸಂಸ್ಥೆಗಳಿಂದ ಪಡೆದ ಮೂರು ಲಿಖಿತ ನಿರಾಕರಣೆ ಪತ್ರಗಳನ್ನು ಲಗತ್ತಿಸತಕ್ಕದ್ದು. ಈ ಜಿಲ್ಲೆಯಲ್ಲಿ ಸಾಲ ನೀಡುವ ಸಂಸ್ಥೆಗಳು ಇರುವುದೇ ಮೂರು ಎಂಬುದು ನಿಯಮ ಬರೆದ ಸಮಿತಿಗೆ ತಿಳಿದಿರಲಿಲ್ಲ. ಆ ಮೂರರಲ್ಲಿ ಒಂದರ ಮ್ಯಾನೇಜರರಿಗೆ ಹುಟ್ಟಿನಿಂದಲೇ ‘ಇಲ್ಲ’ ಎನ್ನಲು ಬರುವುದಿಲ್ಲ ಎಂಬುದಂತೂ ಯಾರಿಗೂ ತಿಳಿದಿರಲಿಲ್ಲ.

ಯೋಜನೆ ಜಾರಿಗೆ ಬಂದು ಮೂರು ವರ್ಷವಾಗಿದ್ದು, ಈವರೆಗೆ ಒಂದು ಮನೆಯೂ ಖರೀದಿಯಾಗಿಲ್ಲ. ಪ್ರಗತಿ ವರದಿಯಲ್ಲಿ ಇದನ್ನು ‘ಅರ್ಹತೆಯ ಪರಿಶೀಲನೆ ಕಟ್ಟುನಿಟ್ಟಾಗಿ ನಡೆದಿದೆ’ ಎಂದು ನಮೂದಿಸಲಾಗಿದೆ.

ಉಲ್ಲೇಖ 2ರ ಅರ್ಜಿದಾರರು ಇಲ್ಲಿಂದ ಮೂವತ್ತೆರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಬಟ್ಟೆ ಹೊಲಿಯುವವರು. ಊರಿನವರೆಲ್ಲ ಟೈಲರಕ್ಕ ಎಂದೇ ಕರೆಯುವುದರಿಂದ ಕಡತದಲ್ಲಿಯೂ ಹಾಗೆಯೇ ಇದೆ. ಅತ್ತೆಯೊಂದಿಗೆ ಹನ್ನೊಂದು ವರ್ಷದಿಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಮೆಷಿನ್, ಹಿಂದಿನ ಕೋಣೆಯಲ್ಲಿ ಅತ್ತೆಯ ಮಂಚ, ನಡುವಿನ ಬಾಗಿಲಿಗೆ ಉಳಿದ ಬಟ್ಟೆ ಚೂರುಗಳ ಪರದೆ ಎಂದು ಸ್ಥಳ ಪರಿಶೀಲನಾ ವರದಿ ತಿಳಿಸುತ್ತದೆ. ಮನೆಯೊಡತಿಯಾದ ನಿವೃತ್ತ ನರ್ಸಮ್ಮ ಮಗಳ ಊರಿಗೆ ಹೊರಟಿದ್ದು, ಮನೆಯನ್ನು ಮಾರುತ್ತಿದ್ದಾರೆ. ಪಕ್ಕದ ಗೋದಾಮಿನ ಮಾಲೀಕರು ಮನೆ ಕೆಡವಿ ಲಾರಿ ನಿಲ್ಲಿಸಲು ಹೆಚ್ಚಿನ ಬೆಲೆಗೆ ಕೇಳಿರುತ್ತಾರೆ. ಆದಾಗ್ಯೂ ನರ್ಸಮ್ಮ, ‘ಈ ತಿಂಗಳು ಮೂವತ್ತನೇ ತಾರೀಖಿನವರೆಗೂ ನಿನಗೇ ಅಂತ ಇಟ್ಕೊಂಡಿರ್ತೀನಿ ಕಣೇ, ಆಮೇಲೆ ನನ್ನ ಕೈಲಿಲ್ಲ’ ಎಂದಿರುವುದಾಗಿ ಅರ್ಜಿಯ ಅಂಚಿನಲ್ಲಿ ಬರೆಯಲಾಗಿದೆ. ಅರ್ಜಿಯ ಅಂಚಿನಲ್ಲಿ ಬರೆಯುವುದು ನಿಷಿದ್ಧ. ಬರೆದದ್ದನ್ನು ಓದಲಾಗಿದೆ.

ಈ ಹಿನ್ನೆಲೆಯಲ್ಲಿ ವಿಭಾಗದ ಎಲ್ಲ ಸಿಬ್ಬಂದಿಗೆ, ಮತ್ತು ಮೆಟ್ಟಿಲ ಮೇಲೆ ಇರುವವರಿಗೆ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ನಿರಾಕರಣೆ ಪತ್ರ ಹೇಗಿರಬೇಕು ಎಂಬುದಕ್ಕೆ ಟೈಲರಕ್ಕನವರ ಮೊದಲ ಎರಡು ಪತ್ರಗಳನ್ನು ಮಾದರಿಯಾಗಿ ಪರಿಗಣಿಸತಕ್ಕದ್ದು. ಪಟ್ಟಣದ ಬ್ಯಾಂಕು, ‘ನೀವು ದುಡಿಯುತ್ತೀರಿ ಎಂಬುದಕ್ಕೆ ನಿಮ್ಮನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ’ ಎಂದು ಬರೆದಿದೆ. ಸಾಲ ಸಂಘವು, ‘ನೀವು ಕೇಳಿರುವ ಸಾಲ ತೀರ ಚಿಕ್ಕದು, ನಮಗೆ ಗಿಟ್ಟುವುದಿಲ್ಲ, ದೊಡ್ಡ ಮನೆ ನೋಡಿಕೊಂಡು ಬನ್ನಿ’ ಎಂದು ಬರೆದಿದೆ. ಎರಡೂ ಪತ್ರಗಳು ಚಿಕ್ಕವಾಗಿ, ಸ್ಪಷ್ಟವಾಗಿ ಇವೆ. ಎರಡರಲ್ಲಿಯೂ ಮೊಹರು ಇದೆ. ಮನುಷ್ಯತ್ವದ ಕಾಲಂ ಅನ್ನು ಖಾಲಿ ಬಿಡಲಾಗಿದೆ, ಅದು ಕಡ್ಡಾಯವಲ್ಲ.

2. ಮೂರನೇ ಸಂಸ್ಥೆಯ ಮ್ಯಾನೇಜರರನ್ನು ಜಿಲ್ಲೆಯಾದ್ಯಂತ ‘ನೋಡೋಣ ಸಾಹೇಬರು’ ಎಂದು ಕರೆಯಲಾಗುತ್ತದೆ. ಟೈಲರಕ್ಕ ಅವರಲ್ಲಿಗೆ ಒಂಬತ್ತು ಬಾರಿ ಹೋಗಿರುತ್ತಾರೆ. ಒಂಬತ್ತು ಬಾರಿಯೂ ಸಾಹೇಬರು ಎದ್ದು ನಿಂತು ಕುರ್ಚಿ ಕೊಟ್ಟಿರುತ್ತಾರೆ, ಚಹಾ ತರಿಸಿರುತ್ತಾರೆ, ಅತ್ತೆಯ ಮಂಡಿನೋವು ವಿಚಾರಿಸಿರುತ್ತಾರೆ, ಮತ್ತು ‘ನೋಡೋಣ’ ಎಂದಿರುತ್ತಾರೆ. ಇಷ್ಟು ಒಳ್ಳೆಯ ಮನುಷ್ಯರ ಕೈಯಿಂದ ಈ ಜಿಲ್ಲೆಯಲ್ಲಿ ಇದುವರೆಗೆ ಯಾರಿಗೂ ಮನೆಯಾಗಿಲ್ಲ.

3. ಸದರಿ ಸಾಹೇಬರ ಮೌಖಿಕ ಹೇಳಿಕೆಗಳನ್ನು ಈ ಕೆಳಗಿನಂತೆ ಲೆಕ್ಕ ಹಾಕತಕ್ಕದ್ದು. ‘ನೋಡೋಣ’ ಎಂದರೆ ಕಾಲು ನಿರಾಕರಣೆ. ‘ನೋಡೋಣ ಬಿಡಿ’ ಎಂದರೆ ಅರ್ಧ. ‘ಮೇಲಿನವರಿಗೆ ಬರೆದಿದ್ದೀನಿ’ ಎಂದರೆ ಮುಕ್ಕಾಲು. ಸಾಹೇಬರೇ ಬಾಗಿಲ ಹಿಂದಿನಿಂದ ‘ಸಾಹೇಬ್ರು ಇಲ್ಲ’ ಎಂದಲ್ಲಿ ಪೂರ್ಣ ನಿರಾಕರಣೆ, ಆದರೆ ಲಿಖಿತವಲ್ಲದ ಕಾರಣ ಅಸಿಂಧು. ಕಾಲು, ಅರ್ಧಗಳನ್ನು ಕೂಡಿಸಿ ಒಂದು ಮಾಡಿಕೊಂಡು ಬರುವಂತಿಲ್ಲ. ಅರ್ಜಿದಾರರೊಬ್ಬರು ಹಾಗೆ ಕೂಡಿಸಿದಾಗ ಎರಡೂಕಾಲು ಬಂದಿದ್ದು, ಉಳಿದ ಒಂದೂಕಾಲನ್ನು ಮೈದುನನ ಅರ್ಜಿಗೆ ವರ್ಗಾಯಿಸಲು ಕೋರಿರುತ್ತಾರೆ. ಸದರಿ ಕೋರಿಕೆ ಪರಿಶೀಲನೆಯಲ್ಲಿದೆ.

4. ನಿರಾಕರಣೆಗಾಗಿ ಅಂಗಲಾಚುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಒಂಬತ್ತನೇ ಭೇಟಿಯಲ್ಲಿ ಟೈಲರಕ್ಕ, ‘ಸಾರ್, ನಿಮ್ಮ ದಮ್ಮಯ್ಯ, ಒಂದೇ ಒಂದು ಸಲ ಇಲ್ಲ ಅಂತ ಬರ್ಕೊಡಿ, ನಿಮ್ಮ ಮನೆ ಕಿಟಕಿ ಪರದೆಗೆಲ್ಲ ಅಂಚು ಹೊಲಿದುಕೊಡ್ತೀನಿ’ ಎಂದು ಕೇಳಿಕೊಂಡಿರುತ್ತಾರೆ. ಸಾಹೇಬರು ಕಣ್ಣಲ್ಲಿ ನೀರು ತಂದುಕೊಂಡು, ‘ಅಯ್ಯೋ, ನಿಮ್ಮಂಥೋರಿಗೆ ಇಲ್ಲ ಅನ್ನೋಕೆ ಬಾಯಾದ್ರೂ ಹೇಗಮ್ಮ ಬರುತ್ತೆ? ನೋಡೋಣ’ ಎಂದಿರುತ್ತಾರೆ. ಪರದೆಗೆ ಅಂಚು ಹೊಲಿದುಕೊಡುವುದು ಲಂಚವಾಗುತ್ತದೆಯೇ ಎಂಬ ಪ್ರಶ್ನೆ ಉದ್ಭವಿಸಿದ್ದು, ಸಾಲ ಕೊಡಬೇಡಿ ಎಂದು ಲಂಚ ಕೊಟ್ಟ ಪೂರ್ವ ನಿದರ್ಶನ ದೊರೆಯದ ಕಾರಣ ಕೈಬಿಡಲಾಗಿದೆ.

5. ಎರಡೇ ಪತ್ರಗಳೊಂದಿಗೆ ಬಂದ ಸದರಿ ಅರ್ಜಿಯನ್ನು ಈ ತಿಂಗಳ 8ರಂದು ವಿಭಾಗವು ನಿಯಮಾನುಸಾರ ನಿರಾಕರಿಸಿತು. ‘ಮೂರನೇ ನಿರಾಕರಣೆ ಪತ್ರ ಇಲ್ಲದ ಕಾರಣ ನಿಮಗೆ ಸಾಲ ನಿರಾಕರಿಸಲಾಗಿದೆ’ ಎಂಬ ಪತ್ರವನ್ನು ಆವಕ ಗುಮಾಸ್ತರು ಬರೆದು, ಮೊಹರು ಒತ್ತಿ, ಕೈಯಲ್ಲೇ ಕೊಟ್ಟರು. ಟೈಲರಕ್ಕ ಅದನ್ನು ಮೆಟ್ಟಿಲ ಮೇಲೆ ಕೂತು ಓದಿರುತ್ತಾರೆ. ಮತ್ತೊಮ್ಮೆ ಓದಿರುತ್ತಾರೆ. ನಂತರ ಮೇಲೆ ಬಂದು, ಗುಮಾಸ್ತರ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಕೇಳಿ ಪಡೆದು, ಸದರಿ ಪತ್ರವನ್ನು ಅರ್ಜಿಗೆ ಪಿನ್ ಹೊಡೆದು, ‘ನೀವೂ ಸಾಲ ಕೊಡೋರೇ ಅಲ್ವಾ ಅಣ್ಣ? ನೀವೂ ಕೊಡಲ್ಲ ಅಂದ್ರಿ. ಅಲ್ಲಿಗೆ ಮೂರಾಯ್ತಲ್ಲ’ ಎಂದಿರುತ್ತಾರೆ. ಗುಮಾಸ್ತರು ಆ ದಿನ ಬೇರೆ ಯಾವ ಕೆಲಸವನ್ನೂ ಮಾಡಿರುವುದಿಲ್ಲ. ಕಚೇರಿಯ ಸ್ಟೇಪ್ಲರನ್ನು ಸಾರ್ವಜನಿಕರ ಕೈಗೆ ಕೊಡುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.

6. ಕಾನೂನು ಶಾಖೆಯ ಅಭಿಪ್ರಾಯ ಕೇಳಲಾಯಿತು. ಅವರ ಟಿಪ್ಪಣಿಯಂತೆ, ವಿಭಾಗವು ಸಾಲ ನೀಡುವ ಸಂಸ್ಥೆ ಹೌದು (ಇದುವರೆಗೆ ನೀಡಿಲ್ಲವಾದರೂ). ಆದ್ದರಿಂದ ನಮ್ಮ ಪತ್ರ ಸಿಂಧು, ನಿರಾಕರಣೆ ಮೂರಾಯಿತು, ಅರ್ಜಿ ಅರ್ಹವಾಯಿತು. ಅರ್ಹ ಅರ್ಜಿಯನ್ನು ನಿರಾಕರಿಸಿದ್ದು ತಪ್ಪಾದ್ದರಿಂದ ಪತ್ರವನ್ನು ಹಿಂಪಡೆಯಬೇಕು. ಹಿಂಪಡೆದರೆ ಎರಡೇ ಉಳಿಯುತ್ತವೆ, ಅರ್ಜಿ ಅನರ್ಹ. ಅನರ್ಹ ಅರ್ಜಿಯನ್ನು ನಿರಾಕರಿಸಬೇಕು. ನಿರಾಕರಿಸಿದರೆ ಮೂರು. ಕಡತವು ಈ ರೀತಿ 8, 13, 19 ಮತ್ತು 26ನೇ ತಾರೀಖು ಸೇರಿ ನಾಲ್ಕು ಸುತ್ತು ಹಾಕಿದೆ. ಹಿಂಪಡೆದ ಪತ್ರಗಳನ್ನು ವಾಪಸು ಕೇಳಲಾಗಿ, ‘ನನಗೆ ಬಂದ ಕಾಗದ, ನನ್ನ ಹತ್ರಾನೇ ಇರ್ಲಿ’ ಎಂದಿರುತ್ತಾರೆ. ಹೀಗಾಗಿ ಅವರ ಬಳಿ ಈಗ ಆರು ನಿರಾಕರಣೆಗಳಿವೆ. ಈ ಜಿಲ್ಲೆಯಲ್ಲಿ ಅಷ್ಟು ಅರ್ಹತೆ ಬೇರೆ ಯಾರಿಗೂ ಇಲ್ಲ.

7. ನಾಲ್ಕು ಸುತ್ತಿನಲ್ಲಿಯೂ ಟೈಲರಕ್ಕ ಖುದ್ದಾಗಿ ಬಂದಿರುತ್ತಾರೆ. ಹೊಲಿಯಲು ಒಪ್ಪಿಕೊಂಡ ಬಟ್ಟೆಯನ್ನು ಜೊತೆಗೇ ತಂದು ಮೆಟ್ಟಿಲ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದರೆಂದು ಉಲ್ಲೇಖ 5ರ ದೂರಿನಲ್ಲಿ ತಿಳಿಸಲಾಗಿದೆ. ತೂಕ ಮತ್ತು ಅಳತೆ ಕಚೇರಿಯ ಮೂವರ ಅಂಗಿಗೆ ಅವರು ಗುಂಡಿ ಹಚ್ಚಿಕೊಟ್ಟಿರುವುದನ್ನು ದೂರಿನಲ್ಲಿ ತಿಳಿಸಿಲ್ಲ. ಸುದ್ದಿ ಹಬ್ಬಿ, ಇದೀಗ ನಲವತ್ತೊಂದು ಮಂದಿ ಎರಡೆರಡು ಪತ್ರ ಹಾಗೂ ಒಂದೊಂದು ‘ನೋಡೋಣ’ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ. ಮೂರನೆಯದನ್ನು ಇಲ್ಲೇ ಕೊಡಿ ಎಂಬುದು ಅವರ ಬೇಡಿಕೆ.

8. ನಿಯಮ 7ನ್ನೇ ತೆಗೆದುಹಾಕಬಹುದಲ್ಲ ಎಂದು ಗುಮಾಸ್ತರು ಮೌಖಿಕವಾಗಿ ಸೂಚಿಸಿರುತ್ತಾರೆ. ಅದನ್ನು ತೆಗೆಯುವ ಅಧಿಕಾರ ಅದನ್ನು ಬರೆದ ಸಮಿತಿಗೆ ಮಾತ್ರ ಇದೆ. ಸಮಿತಿಯ ಇಬ್ಬರು ಸದಸ್ಯರು ನಿವೃತ್ತರಾಗಿದ್ದಾರೆ, ಒಬ್ಬರು ವರ್ಗವಾಗಿದ್ದಾರೆ, ಅಧ್ಯಕ್ಷರು ಈ ಕಚೇರಿಯ ಫೋನ್ ನಂಬರ್ ಕಂಡರೆ ಎತ್ತುವುದಿಲ್ಲ. ಆದ್ದರಿಂದ ನಿಯಮವನ್ನು ಮುಟ್ಟದೆ, ಅದನ್ನು ಪೂರ್ತಿಯಾಗಿ ಪಾಲಿಸಲು ಕೆಳಗಿನ ವ್ಯವಸ್ಥೆ ಮಾಡಲಾಗಿದೆ.

9. ನಾಳೆಯಿಂದ ಕಾರಿಡಾರಿನಲ್ಲಿ ನಾಲ್ಕು ಕಿಟಕಿಗಳು ಕೆಲಸ ಮಾಡುತ್ತವೆ. ಒಂದನೇ ಕಿಟಕಿಯಲ್ಲಿ ‘ಮುಖಪರಿಚಯವಿಲ್ಲ’ ಎಂದು, ಎರಡನೆಯದರಲ್ಲಿ ‘ಫೋಟೋದಲ್ಲಿ ನಗು ಹೆಚ್ಚಾಗಿದೆ’ ಎಂದು, ಮೂರನೆಯದರಲ್ಲಿ ‘ಇದು ಊಟದ ಸಮಯ’ ಎಂದು ಲಿಖಿತವಾಗಿ ನಿರಾಕರಿಸತಕ್ಕದ್ದು. ನಾಲ್ಕನೇ ಕಿಟಕಿಯಲ್ಲಿ ಮೂರನ್ನೂ ಲಗತ್ತಿಸಿಕೊಂಡು ಸಾಲ ಮಂಜೂರು ಮಾಡತಕ್ಕದ್ದು. ಸಿಬ್ಬಂದಿ ಕೊರತೆಯಿಂದಾಗಿ ನಾಲ್ಕೂ ಕಿಟಕಿಗಳನ್ನು ಆವಕ ಗುಮಾಸ್ತರೊಬ್ಬರೇ ನಿಭಾಯಿಸುತ್ತಾರೆ. ಒಂದು ಕಿಟಕಿಯಿಂದ ಎದ್ದು ಮುಂದಿನದಕ್ಕೆ ಹೋಗಿ ಕೂತಾಗ, ಅರ್ಜಿದಾರರನ್ನು ಅದೇ ಮೊದಲ ಬಾರಿ ಕಂಡವರಂತೆ ‘ಏನಾಗಬೇಕಿತ್ತು?’ ಎಂದು ಕೇಳತಕ್ಕದ್ದು.

10. ನಿರಾಕರಣೆ ಮನಃಪೂರ್ವಕವಾಗಿರತಕ್ಕದ್ದು. ನಗುತ್ತಾ ನಿರಾಕರಿಸುವಂತಿಲ್ಲ. ಅರ್ಜಿದಾರರೂ ಮೊದಲ ಮೂರು ಕಿಟಕಿಗಳಲ್ಲಿ ಕನಿಷ್ಠ ಪ್ರಮಾಣದ ಬೇಸರ ವ್ಯಕ್ತಪಡಿಸತಕ್ಕದ್ದು. ಈ ಜಿಲ್ಲೆಯ ಜನಕ್ಕೆ ಅದರ ಅಭ್ಯಾಸ ಸಾಕಷ್ಟಿರುವುದರಿಂದ ಪ್ರತ್ಯೇಕ ತರಬೇತಿ ಬೇಕಿಲ್ಲ. ಮೂರನೇ ಕಿಟಕಿಯ ಕಾರಣವನ್ನು ನಿಜವಾದ ಊಟದ ಸಮಯದಲ್ಲಿ ಬಳಸಿದರೆ ಗುಮಾಸ್ತರು ಗೊಂದಲಕ್ಕೀಡಾಗಿ ಊಟಕ್ಕೆ ಹೋಗುವ ಸಂಭವವಿದ್ದು, ಎಚ್ಚರ ವಹಿಸತಕ್ಕದ್ದು.

11. ಟೈಲರಕ್ಕನವರು ಈ ಕಿಟಕಿಗಳ ಮುಂದೆ ನಿಲ್ಲಬೇಕಾಗಿಲ್ಲ. ಅವರ ಆರು ನಿರಾಕರಣೆಗಳಲ್ಲಿ ಮೂರನ್ನು ಈ ಅರ್ಜಿಗೆ ಬಳಸಿಕೊಳ್ಳಲಾಗಿದೆ. ಉಳಿದ ಮೂರನ್ನು ಅವರು ಹರಿದುಹಾಕಬಹುದು, ಅಥವಾ ಹೊಲಿಗೆಯ ಅಳತೆ ಬರೆದುಕೊಳ್ಳಲು ಹಿಂಬದಿಯನ್ನು ಉಪಯೋಗಿಸಬಹುದು. ಕೋರಿದ ಸಾಲವನ್ನು ಕೋರಿದಷ್ಟೇ ಮಂಜೂರು ಮಾಡಲಾಗಿದೆ. ಇದು ಈ ವಿಭಾಗದ ಮೊದಲ ಮಂಜೂರಾತಿಯಾಗಿದ್ದು, ಮಂಜೂರಾತಿಗೆಂದು ಪ್ರತ್ಯೇಕ ಮೊಹರು ಇಲ್ಲದ ಕಾರಣ ‘ನಿರಾಕರಿಸಲಾಗಿದೆ’ ಮೊಹರನ್ನೇ ಒತ್ತಿ, ಮೇಲೆ ಅಡ್ಡಗೆರೆ ಎಳೆದು, ಸಹಿ ಮಾಡಲಾಗಿದೆ. ಅಡ್ಡಗೆರೆ ಎಳೆಯುವಾಗ ಸಹಿ ಮಾಡಿದವರಿಗೆ ಸಂತೋಷವಾಗಿರುತ್ತದೆ. ಮೂರು ವರ್ಷದಿಂದ ಎಳೆಯದಿದ್ದುದಕ್ಕೆ ನಾಚಿಕೆಯೂ ಆಗಿರುತ್ತದೆ. ಎರಡನ್ನೂ ಕಡತದಲ್ಲಿ ದಾಖಲಿಸಲಾಗಿದೆ.

12. ಈ ಆದೇಶವು ಟೈಪಾದ ಕ್ಷಣದಿಂದ ಜಾರಿಗೆ ಬರುತ್ತದೆ. ಆ ಹಳ್ಳಿಗೆ ಹೋಗುವ ಕಡೇ ಬಸ್ಸು ನಾಲ್ಕೂಕಾಲಕ್ಕೆ. ಆದ್ದರಿಂದ ಕರಡು ತಿದ್ದುಪಡಿ, ಮೇಲಧಿಕಾರಿಗಳ ಅವಗಾಹನೆ ಇತ್ಯಾದಿಗಳನ್ನು ನಾಳೆಗೆ ಮುಂದೂಡಲಾಗಿದೆ. ಕಾಗುಣಿತ ತಪ್ಪಿದ್ದಲ್ಲಿ ತಪ್ಪಿರಲಿ.

(ಸಹಿ ಮಾಡಲಾಗಿದೆ, ಪೆನ್ನು ಮೆಟ್ಟಿಲ ಮೇಲಿನವರೊಬ್ಬರದು, ವಾಪಸು ಕೊಡಲಾಗಿದೆ)
ಉಪ ನಿರ್ದೇಶಕರು
ಗ್ರಾಮೀಣ ಗೃಹಸಾಲ ವಿಭಾಗ

ಪ್ರತಿಗಳು:

1. ನಿಯಮ 7ರ ಸಮಿತಿಯ ಅಧ್ಯಕ್ಷರಿಗೆ, ಬೇರೆ ನಂಬರಿನಿಂದ ಫೋನ್ ಮಾಡಿ ಓದಿ ಹೇಳಲು.

2. ಪಟ್ಟಣದ ಬ್ಯಾಂಕು ಹಾಗೂ ಸಾಲ ಸಂಘಕ್ಕೆ, ಅವರ ಸ್ಪಷ್ಟತೆಗೆ ವಂದನೆಗಳೊಂದಿಗೆ.

3. ನೋಡೋಣ ಸಾಹೇಬರಿಗೆ, ಮಾಹಿತಿಗಾಗಿ ಮಾತ್ರ. ನೋಡುವ ಅಗತ್ಯವಿಲ್ಲ.

4. ತೂಕ ಮತ್ತು ಅಳತೆ ಕಚೇರಿಗೆ, ಮೆಟ್ಟಿಲು ಇನ್ನು ಎರಡು ವಾರ ತುಂಬಿರುತ್ತದೆ ಎಂಬ ತಿಳಿವಳಿಕೆಯೊಂದಿಗೆ.

5. ಗೋದಾಮಿನ ಮಾಲೀಕರಿಗೆ, ಲಾರಿಗೆ ಬೇರೆ ಜಾಗ ಹುಡುಕಿಕೊಳ್ಳುವ ಬಗ್ಗೆ.

6. ಮನೆಯೊಡತಿ ನರ್ಸಮ್ಮನವರಿಗೆ. ನೀವು ಹೇಳಿದ ಮೂವತ್ತನೇ ತಾರೀಖು ನಾಳೆ, ನಾಳೆ ಸಂಜೆಯವರೆಗೂ ಅದು ಮೂವತ್ತನೇ ತಾರೀಖೇ ಆಗಿರುತ್ತದೆ ಎಂದು ವಿನಯಪೂರ್ವಕವಾಗಿ ನೆನಪಿಸಲಾಗಿದೆ. ದಯವಿಟ್ಟು ಯಾರಿಗೂ ಮಾತು ಕೊಡಬೇಡಿ ಅಮ್ಮ.

7. ಟೈಲರಕ್ಕನವರಿಗೆ, ಆವಕ ಗುಮಾಸ್ತರ ಕೈಯಲ್ಲಿ, ನಾಲ್ಕೂಕಾಲಿನ ಬಸ್ಸಿಗೆ. ಈ ಕಚೇರಿಯ ಲಕೋಟೆ ಕಂಡರೆ ಅವರ ಅತ್ತೆ ಬಾಗಿಲು ಹಾಕಿಕೊಳ್ಳುತ್ತಾರೆಂದು ತಿಳಿದುಬಂದಿರುವುದರಿಂದ, ಲಕೋಟೆಯ ಮೇಲೆ ‘ಮನೆ ನಿಮ್ಮದಾಯಿತು’ ಎಂದು ದೊಡ್ಡ ಅಕ್ಷರದಲ್ಲಿ ಬರೆಯತಕ್ಕದ್ದು. ಆಗಲೂ ಬಾಗಿಲು ತೆರೆಯದಿದ್ದಲ್ಲಿ ಗುಮಾಸ್ತರು ಕಿಟಕಿಯ ಹೊರಗೆ ನಿಂತು, ಹೊಲಿಗೆ ಮೆಷಿನ್ ಸದ್ದು ನಿಲ್ಲುವವರೆಗೂ, ಕಂಡಿಕೆ 11ನ್ನು ಗಟ್ಟಿಯಾಗಿ ಓದತಕ್ಕದ್ದು.